ಕ್ಯಾನ್ಸರ್ ಆರೈಕೆಯಲ್ಲಿ ಆರೋಗ್ಯ ವೃತ್ತಿಪರರ ತರಬೇತಿ (ಶಿರಸಿ, ಸಿದ್ದಾಪುರ, ಯಲ್ಲಾಪುರ)

ಕ್ಯಾನ್ಸರ್ ಆರೈಕೆಯಲ್ಲಿ ಆರೋಗ್ಯ ವೃತ್ತಿಪರರ ತರಬೇತಿ ಎಂಬುದು ಈಗಾಗಲೇ ಸೇವೆಯಲ್ಲಿರುವ ವೈದ್ಯರು, ದಂತವೈದ್ಯರು, ಶುಶ್ರೂಷಕರು, ಆಯುಷ್ ವೈದ್ಯರು ಹಾಗೂ ಆಶಾ ಕಾರ್ಯಕರ್ತೆಯರಿಗೆ ನೀಡುವ ಮುಂದುವರಿದ ಶಿಕ್ಷಣವಾಗಿದೆ. ರೋಗವನ್ನು ಬೇಗ ಗುರುತಿಸುವುದು, ತಡಮಾಡದೆ ಸರಿಯಾದ ಆಸ್ಪತ್ರೆಗೆ ಕಳುಹಿಸುವುದು, ಚಿಕಿತ್ಸೆ ಪಡೆದು ಊರಿಗೆ ಮರಳಿದವರನ್ನು ನೋಡಿಕೊಳ್ಳುವುದು ಮತ್ತು ಗುಣವಾಗದ ರೋಗಿಗಳ ನೋವನ್ನು ಶಮನಗೊಳಿಸುವುದು ಇದರ ನಾಲ್ಕು ಮುಖ್ಯ ಭಾಗಗಳು.

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ತಾಲ್ಲೂಕುಗಳಾದ ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರಗಳಲ್ಲಿ ಈ ತರಬೇತಿಗೆ ವಿಶೇಷ ಮಹತ್ವವಿದೆ. ಇಲ್ಲಿನ ರೋಗಿಗಳು ಕ್ಯಾನ್ಸರ್ ತಜ್ಞರನ್ನು ಕಾಣಲು ಸಾಮಾನ್ಯವಾಗಿ ದೂರದ ನಗರಗಳಿಗೆ ಹೋಗಬೇಕಾಗುತ್ತದೆ. ಆದ್ದರಿಂದ ರೋಗವು ಯಾವ ಹಂತದಲ್ಲಿ ತಜ್ಞರ ಕೈಗೆ ತಲುಪುತ್ತದೆ ಎಂಬುದು ಬಹುಮಟ್ಟಿಗೆ ಊರಿನಲ್ಲಿ ರೋಗಿಯನ್ನು ಮೊದಲು ನೋಡುವವರ ತಿಳಿವಳಿಕೆಯನ್ನು ಅವಲಂಬಿಸಿದೆ.

ಪ್ರದೇಶದ ಹಿನ್ನೆಲೆ

ಈ ಮೂರು ತಾಲ್ಲೂಕುಗಳು ಸಹ್ಯಾದ್ರಿಯ ಕಾಡು, ಅಡಿಕೆ ತೋಟ ಮತ್ತು ಗದ್ದೆಗಳಿಂದ ಕೂಡಿದ ಮಲೆನಾಡು ಪ್ರದೇಶವಾಗಿವೆ. ಮನೆಗಳು ತೋಟಗಳ ನಡುವೆ ದೂರ ದೂರ ಹರಡಿಕೊಂಡಿರುತ್ತವೆ. ಮಳೆಗಾಲದಲ್ಲಿ ಒಳರಸ್ತೆಗಳ ಸಂಚಾರ ಕಷ್ಟವಾಗುತ್ತದೆ. ಶಿರಸಿಯಲ್ಲಿ ಪಂಡಿತ ಸಾರ್ವಜನಿಕ ಆಸ್ಪತ್ರೆ, ಸಿದ್ದಾಪುರ ಮತ್ತು ಯಲ್ಲಾಪುರಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ಅವುಗಳ ಕೆಳಗೆ ಪ್ರಾಥಮಿಕ ಆರೋಗ್ಯ ಕೇಂದ್ರಗಳೂ ಉಪಕೇಂದ್ರಗಳೂ ಕೆಲಸ ಮಾಡುತ್ತವೆ. ಜಿಲ್ಲಾ ಕೇಂದ್ರವಾದ ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಜಿಲ್ಲೆಗೆ ಸುಸಜ್ಜಿತ ಬಹುತಜ್ಞ ಆಸ್ಪತ್ರೆ ಬೇಕೆಂಬ ಸಾರ್ವಜನಿಕ ಒತ್ತಾಯ 2022ರಲ್ಲಿ ತೀವ್ರಗೊಂಡಿತ್ತು.

ವಿಕಿರಣ ಚಿಕಿತ್ಸೆಗೆ ಮತ್ತು ದೊಡ್ಡ ಶಸ್ತ್ರಚಿಕಿತ್ಸೆಗೆ ಈ ಭಾಗದ ರೋಗಿಗಳು ಹುಬ್ಬಳ್ಳಿ, ಮಣಿಪಾಲ, ಬೆಂಗಳೂರು ಮೊದಲಾದ ಕಡೆಗೆ ಹೋಗುತ್ತಾರೆ. ಶಿರಸಿಯಿಂದ ಹುಬ್ಬಳ್ಳಿ ಸುಮಾರು 100 ಕಿ.ಮೀ., ಯಲ್ಲಾಪುರದಿಂದ ಸುಮಾರು 70 ಕಿ.ಮೀ. ದೂರದಲ್ಲಿದೆ. ಬೆಂಗಳೂರು ಶಿರಸಿಯಿಂದ ಸುಮಾರು 400 ಕಿ.ಮೀ. ದೂರವಿದೆ. ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್‌ಗೆಂದೇ ಮೀಸಲಾದ ಆಸ್ಪತ್ರೆ ಇದೆ. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯು 1973ರಲ್ಲಿ ಆರಂಭವಾಗಿ 1980ರಲ್ಲಿ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವೆಂಬ ಮಾನ್ಯತೆ ಪಡೆಯಿತು. ಒಂದು ದಿನದ ತಪಾಸಣೆಗೆ ಹೋಗಿಬರಲು ಕೂಲಿ, ಬಸ್ಸಿನ ಖರ್ಚು, ಜೊತೆಗೆ ಬರುವವರ ದುಡಿಮೆ ಇವೆಲ್ಲವೂ ಲೆಕ್ಕಕ್ಕೆ ಬರುತ್ತವೆ. ಹೀಗಾಗಿ ಅನಗತ್ಯವಾಗಿ ಕಳುಹಿಸುವುದೂ ತಡವಾಗಿ ಕಳುಹಿಸುವುದೂ ರೋಗಿಗೆ ಹಾನಿಕರವೇ ಆಗಿದೆ.

ಕವಳ, ಅಡಿಕೆ ಮತ್ತು ಬಾಯಿ ಕ್ಯಾನ್ಸರ್

ಎಲೆ, ಅಡಿಕೆ, ಸುಣ್ಣ ಸೇರಿಸಿ, ಹಲವರು ತಂಬಾಕನ್ನೂ ಬೆರೆಸಿ ಜಗಿಯುವ ತಾಂಬೂಲವನ್ನು ಈ ಭಾಗದಲ್ಲಿ ಕವಳ ಎನ್ನುತ್ತಾರೆ. ಮನೆಗೆ ಬಂದವರ ಮುಂದೆ ಕವಳದ ಬಟ್ಟಲು ಇಡುವುದು ಉಪಚಾರದ ಭಾಗ. ತೋಟದ ಕೆಲಸದ ನಡುವೆ ಗಂಡಸರೂ ಹೆಂಗಸರೂ ಕವಳ ಹಾಕುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ತಂಬಾಕು ಬೆರೆತ ತಾಂಬೂಲವನ್ನು 1985ರಲ್ಲಿಯೇ ಕ್ಯಾನ್ಸರ್‌ಕಾರಕವೆಂದು ಹೇಳಿತ್ತು. 2004ರಲ್ಲಿ ಪ್ರಕಟವಾದ ವರದಿಯಲ್ಲಿ ತಂಬಾಕಿಲ್ಲದ ತಾಂಬೂಲವನ್ನೂ ಅಡಿಕೆಯನ್ನೂ ಮೊದಲನೆಯ ವರ್ಗಕ್ಕೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ವರ್ಗಕ್ಕೆ ಸೇರಿಸಿತು. ಅದೇ ಸಂಸ್ಥೆಯ ತಜ್ಞರು 2024ರಲ್ಲಿ ಪ್ರಕಟಿಸಿದ ಅಂದಾಜಿನಂತೆ, 2022ರಲ್ಲಿ ಜಗತ್ತಿನಾದ್ಯಂತ ಸುಮಾರು 1.2 ಲಕ್ಷ ಬಾಯಿ ಕ್ಯಾನ್ಸರ್ ಪ್ರಕರಣಗಳಿಗೆ ಹೊಗೆರಹಿತ ತಂಬಾಕು ಮತ್ತು ಅಡಿಕೆ ಕಾರಣವಾಗಿದ್ದವು. ಅವುಗಳಲ್ಲಿ ಸುಮಾರು 83 ಸಾವಿರ ಪ್ರಕರಣಗಳು ಭಾರತದವು. ಕರ್ನಾಟಕ ಸರ್ಕಾರವು 2013ರಲ್ಲಿ ಗುಟ್ಕಾ ಮಾರಾಟವನ್ನು ನಿಷೇಧಿಸಿತು.

ಅಡಿಕೆ ಬೆಳೆಗಾರರ ಸಂಘಟನೆಗಳು ಅಡಿಕೆಯ ಈ ವರ್ಗೀಕರಣವನ್ನು ಆಕ್ಷೇಪಿಸುತ್ತಾ ಬಂದಿವೆ. ತಂಬಾಕು ಮತ್ತಿತರ ವಸ್ತುಗಳಿಂದ ಬೇರ್ಪಡಿಸಿ ಅಡಿಕೆಯನ್ನಷ್ಟೇ ಅಧ್ಯಯನ ಮಾಡಬೇಕು ಎಂಬುದು ಅವುಗಳ ವಾದ. ಜೀವನಾಧಾರವೇ ಅಡಿಕೆಯಾಗಿರುವ ಊರಿನಲ್ಲಿ ಆರೋಗ್ಯ ಕಾರ್ಯಕರ್ತರು ಈ ವಿಷಯವನ್ನು ಮಾತನಾಡುವುದು ಸುಲಭವಲ್ಲ. ಎಷ್ಟೋ ಸಲ ಅವರದೇ ಮನೆಯಲ್ಲಿ ಅಡಿಕೆ ತೋಟವಿರುತ್ತದೆ. ಆದ್ದರಿಂದ ಬೆಳೆಯ ಕುರಿತಾದ ಚರ್ಚೆಯನ್ನು ಬದಿಗಿಟ್ಟು ಬಾಯಿಯ ತಪಾಸಣೆಗೆ ಒತ್ತು ಕೊಡುವುದನ್ನು ತರಬೇತಿಯಲ್ಲಿ ಪ್ರತ್ಯೇಕವಾಗಿ ಕಲಿಸಬೇಕಾಗುತ್ತದೆ. ದಿನಕ್ಕೆ ಎಷ್ಟು ಕವಳ, ತಂಬಾಕು ಸೇರಿಸುತ್ತಾರೆಯೇ, ಯಾವ ಕೆನ್ನೆಯಲ್ಲಿ ಇಟ್ಟುಕೊಳ್ಳುತ್ತಾರೆ, ಬಾಯಲ್ಲಿಟ್ಟು ಮಲಗುವ ರೂಢಿ ಇದೆಯೇ ಎಂಬ ನೇರ ಪ್ರಶ್ನೆಗಳು ಉಪದೇಶಕ್ಕಿಂತ ಹೆಚ್ಚು ಉಪಯುಕ್ತ. ತಂಬಾಕನ್ನು ಬಿಡುವುದು ಮೊದಲ ಹೆಜ್ಜೆ, ಜಗಿಯುವುದನ್ನು ಪೂರ್ತಿ ಬಿಡುವುದು ಗುರಿ.

ಬಾಯಿಯ ತಪಾಸಣೆಯಲ್ಲಿ ಕಲಿಯಬೇಕಾದ ಲಕ್ಷಣಗಳು ಹೀಗಿವೆ:

- ಎರಡು ವಾರ ಕಳೆದರೂ ಮಾಯದ ಹುಣ್ಣು
- ಒರೆಸಿದರೂ ಹೋಗದ ಬಿಳಿ ಮಚ್ಚೆ
- ಕೆಂಪು ಮಚ್ಚೆ. ಇದು ಬಿಳಿ ಮಚ್ಚೆಗಿಂತ ಹೆಚ್ಚು ಅಪಾಯಕಾರಿ
- ಗಟ್ಟಿಯಾದ ಗಂಟು, ಕಾರಣವಿಲ್ಲದೆ ಸಡಿಲಗೊಂಡ ಹಲ್ಲು
- ಕುತ್ತಿಗೆಯಲ್ಲಿ ನೋವಿಲ್ಲದ ಗಡ್ಡೆ
- ಖಾರ ತಿಂದರೆ ಉರಿ, ಬಾಯಿ ತೆರೆಯಲು ಬಿಗಿತ

ಕೊನೆಯ ಲಕ್ಷಣವು ಅಡಿಕೆ ಜಗಿಯುವವರಲ್ಲಿ ಕಾಣುವ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂಬ ಸ್ಥಿತಿಯನ್ನು ಸೂಚಿಸಬಹುದು. ಇದರಲ್ಲಿ ಕೆನ್ನೆಯ ಒಳಪದರ ಬಿಳಿಚಿಕೊಂಡು ನಾರಿನಂತೆ ಬಿಗಿಯಾಗುತ್ತದೆ. ಇದು ಕ್ಯಾನ್ಸರ್ ಅಲ್ಲದಿದ್ದರೂ ಕ್ಯಾನ್ಸರ್ ಆಗಿ ಬದಲಾಗುವ ಸಾಧ್ಯತೆ ಇರುವ ಸ್ಥಿತಿ. ಮೂರು ಬೆರಳುಗಳನ್ನು ಲಂಬವಾಗಿ ಬಾಯೊಳಗೆ ಇಡಲಾಗುತ್ತದೆಯೇ ಎಂದು ನೋಡುವುದು ಇದಕ್ಕೆ ಸರಳ ಪರೀಕ್ಷೆ. ಕವಳವನ್ನು ಇಟ್ಟುಕೊಳ್ಳುವ ಕೆನ್ನೆ ಮತ್ತು ಒಸಡಿನ ನಡುವಿನ ಸಂದಿಯಲ್ಲಿಯೇ ಭಾರತದ ಬಾಯಿ ಕ್ಯಾನ್ಸರ್ ಹೆಚ್ಚಾಗಿ ಕಾಣಿಸಿಕೊಳ್ಳುವುದರಿಂದ, ತಪಾಸಣೆಯ ಮುನ್ನ ಬಾಯಿ ಮುಕ್ಕಳಿಸಿಸಿ, ಹಲ್ಲಿನ ಸೆಟ್ಟು ಇದ್ದರೆ ತೆಗೆಸಿ, ಕೆನ್ನೆಯನ್ನು ಹೊರಕ್ಕೆ ಸರಿಸಿ ಆ ಸಂದಿಯನ್ನು ಬೆಳಕಿನಲ್ಲಿ ನೋಡಬೇಕು.

ರಾಷ್ಟ್ರೀಯ ಕಾರ್ಯಕ್ರಮಗಳು

ಕ್ಯಾನ್ಸರ್, ಮಧುಮೇಹ, ಹೃದ್ರೋಗ ಮತ್ತು ಪಾರ್ಶ್ವವಾಯುಗಳ ನಿಯಂತ್ರಣಕ್ಕಾಗಿ ಭಾರತ ಸರ್ಕಾರ 2010ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. 2016ರಲ್ಲಿ ಹೊರಬಂದ ಮಾರ್ಗಸೂಚಿಯು 30 ವರ್ಷ ದಾಟಿದವರಿಗೆ ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್‌ಗಳ ತಪಾಸಣೆಯನ್ನು ಐದು ವರ್ಷಕ್ಕೊಮ್ಮೆ ನಡೆಸಬೇಕೆಂದು ಹೇಳಿತು. 2018ರಿಂದ ಉಪಕೇಂದ್ರಗಳನ್ನು ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳಾಗಿ ಪರಿವರ್ತಿಸಿ ಸಮುದಾಯ ಆರೋಗ್ಯ ಅಧಿಕಾರಿಗಳನ್ನು ನೇಮಿಸಲಾಯಿತು. ಕರ್ನಾಟಕ ಸರ್ಕಾರವು 2024ರಲ್ಲಿ ಮನೆಮನೆಗೆ ತೆರಳಿ ತಪಾಸಣೆ ನಡೆಸುವ ಗೃಹ ಆರೋಗ್ಯ ಯೋಜನೆಯನ್ನು ಆರಂಭಿಸಿತು.

ಯೋಜನೆಗಳಿದ್ದರೂ ತಪಾಸಣೆಯ ವ್ಯಾಪ್ತಿ ಬಹಳ ಕಡಿಮೆ ಇತ್ತು. 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 30ರಿಂದ 49 ವರ್ಷದ ಮಹಿಳೆಯರಲ್ಲಿ ಗರ್ಭಕಂಠದ ಕ್ಯಾನ್ಸರ್ ತಪಾಸಣೆಗೆ ಒಮ್ಮೆಯಾದರೂ ಒಳಗಾದವರು ಶೇ. 1.9 ಮಾತ್ರ. ಸ್ತನದ ತಪಾಸಣೆಗೆ ಒಳಗಾದವರು ಶೇ. 0.9. ಬಾಯಿಯ ತಪಾಸಣೆ ಮಾಡಿಸಿಕೊಂಡವರು ಮಹಿಳೆಯರಲ್ಲಿ ಶೇ. 0.9 ಮತ್ತು ಪುರುಷರಲ್ಲಿ ಶೇ. 1.2.

ಯಾರಿಗೆ ಯಾವ ತರಬೇತಿ

ಆಶಾ ಕಾರ್ಯಕರ್ತೆಯರು: ಮನೆಭೇಟಿಯಲ್ಲಿ ನಿಗದಿತ ಪ್ರಶ್ನಾವಳಿಯನ್ನು ತುಂಬುತ್ತಾರೆ. ವಯಸ್ಸು, ತಂಬಾಕು, ಮದ್ಯ, ಕುಟುಂಬದ ಇತಿಹಾಸ ಮುಂತಾದವುಗಳಿಗೆ ಅಂಕ ನೀಡಿ, ನಾಲ್ಕಕ್ಕಿಂತ ಹೆಚ್ಚು ಬಂದವರನ್ನು ಮೊದಲು ತಪಾಸಣೆಗೆ ಕಳುಹಿಸಲಾಗುತ್ತದೆ. ಮಾಯದ ಹುಣ್ಣು, ಧ್ವನಿಯ ಬದಲಾವಣೆ, ಸ್ತನದಲ್ಲಿ ಗಂಟು, ಮುಟ್ಟು ನಿಂತ ಮೇಲಿನ ರಕ್ತಸ್ರಾವ ಇತ್ಯಾದಿ ಲಕ್ಷಣಗಳಿದ್ದರೆ ಅಂಕ ಎಷ್ಟೇ ಇರಲಿ ವೈದ್ಯರ ಬಳಿ ಕಳುಹಿಸಬೇಕು.

ಸಮುದಾಯ ಆರೋಗ್ಯ ಅಧಿಕಾರಿಗಳು ಮತ್ತು ಶುಶ್ರೂಷಕರು: ಬಾಯಿಯ ತಪಾಸಣೆ, ಕೈಯಿಂದ ಸ್ತನ ಪರೀಕ್ಷೆ ಮತ್ತು ಗರ್ಭಕಂಠದ ಅಸಿಟಿಕ್ ಆಮ್ಲ ಪರೀಕ್ಷೆಯನ್ನು ಕಲಿಯುತ್ತಾರೆ. ಅಸಿಟಿಕ್ ಆಮ್ಲ ಪರೀಕ್ಷೆಯಲ್ಲಿ ಶೇ. 3ರಿಂದ 5ರಷ್ಟು ಸಾಂದ್ರತೆಯ ದ್ರಾವಣವನ್ನು ಗರ್ಭಕಂಠಕ್ಕೆ ಹಚ್ಚಿ, ಒಂದು ನಿಮಿಷದ ನಂತರ ಬಿಳಿಚಿಕೊಳ್ಳುವ ಭಾಗವನ್ನು ಬರಿಗಣ್ಣಿನಿಂದ ನೋಡಲಾಗುತ್ತದೆ. ಪ್ರಯೋಗಾಲಯದ ಅಗತ್ಯವಿಲ್ಲದಿರುವುದು ಇದರ ಅನುಕೂಲ. ನೋಡುವವರ ಅನುಭವದ ಮೇಲೆ ಫಲಿತಾಂಶ ನಿಂತಿರುವುದು ಇದರ ಮಿತಿ.

ವೈದ್ಯಾಧಿಕಾರಿಗಳು ಮತ್ತು ಶಸ್ತ್ರಚಿಕಿತ್ಸಕರು: ಬಯಾಪ್ಸಿಗೆ ಮೊದಲೇ ಗಂಟನ್ನು ಅರೆಬರೆ ತೆಗೆಯಬಾರದು ಎಂಬುದು ಇವರ ತರಬೇತಿಯ ಮುಖ್ಯ ಪಾಠ. ಅಪೂರ್ಣ ಶಸ್ತ್ರಚಿಕಿತ್ಸೆಯು ನಂತರದ ಚಿಕಿತ್ಸೆಯನ್ನು ಜಟಿಲಗೊಳಿಸುತ್ತದೆ. ರಕ್ತಸ್ರಾವವಿರುವ ಮಹಿಳೆಯ ಗರ್ಭಕೋಶವನ್ನು ಗರ್ಭಕಂಠದ ಪರೀಕ್ಷೆಯಿಲ್ಲದೆ ತೆಗೆಯುವುದೂ ಇದೇ ಬಗೆಯ ತಪ್ಪು.

ದಂತವೈದ್ಯರು: ಬಾಯಿ ಕ್ಯಾನ್ಸರ್ ರೋಗಿಗಳಲ್ಲಿ ಅನೇಕರು ಹಲ್ಲುನೋವೆಂದು ಮೊದಲು ಇವರ ಬಳಿಗೇ ಬರುತ್ತಾರೆ. ಅನುಮಾನಾಸ್ಪದ ಹುಣ್ಣಿನ ಪಕ್ಕದ ಸಡಿಲ ಹಲ್ಲನ್ನು ಕೀಳುವ ಮುನ್ನ ಬಯಾಪ್ಸಿಯ ಬಗ್ಗೆ ಯೋಚಿಸಬೇಕು. ವಿಕಿರಣ ಚಿಕಿತ್ಸೆಗೆ ಮುಂಚೆ ಹಲ್ಲುಗಳನ್ನು ಸರಿಪಡಿಸುವುದೂ ಇವರ ಜವಾಬ್ದಾರಿ. ಚಿಕಿತ್ಸೆಯ ನಂತರ ಹಲ್ಲು ಕಿತ್ತರೆ ದವಡೆಯ ಮೂಳೆ ಮಾಯದೆ ಕೊಳೆಯುವ ಅಪಾಯವಿದೆ.

ಆಯುಷ್ ವೈದ್ಯರು: ಮಲೆನಾಡಿನಲ್ಲಿ ಆಯುರ್ವೇದ ವೈದ್ಯರ ಮೇಲೆ ಜನರಿಗೆ ದೀರ್ಘಕಾಲದ ನಂಬಿಕೆ ಇದೆ. ಸಿದ್ದಾಪುರದಲ್ಲಿ ಆಯುರ್ವೇದ ವೈದ್ಯಕೀಯ ಕಾಲೇಜೂ ಇದೆ. ಇವರನ್ನು ತರಬೇತಿಯಿಂದ ಹೊರಗಿಟ್ಟರೆ ಬೇಗ ಪತ್ತೆಹಚ್ಚುವ ಒಂದು ದೊಡ್ಡ ಅವಕಾಶ ತಪ್ಪುತ್ತದೆ. ಎರಡು ವಾರದ ಔಷಧಿಗೆ ಮಾಯದ ಹುಣ್ಣನ್ನು ತಜ್ಞರಿಗೆ ತೋರಿಸುವಂತೆ ಇವರು ಹೇಳಿದರೆ ರೋಗಿ ಕೇಳುತ್ತಾನೆ.

ತರಬೇತಿಯಿಂದಾಗುವ ಪ್ರಯೋಜನಕ್ಕೆ ಆಧಾರ

ತಜ್ಞರಲ್ಲದವರ ತಪಾಸಣೆಯಿಂದ ಸಾವುಗಳು ಕಡಿಮೆಯಾಗುತ್ತವೆ ಎಂಬುದಕ್ಕೆ ಭಾರತದಲ್ಲಿಯೇ ನಡೆದ ಅಧ್ಯಯನಗಳಿವೆ. ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ 1996ರಿಂದ ನಡೆದ ಅಧ್ಯಯನದಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿಯನ್ನು ಬರಿಗಣ್ಣಿನಿಂದ ಪರೀಕ್ಷಿಸಿದರು. 2005ರಲ್ಲಿ ಪ್ರಕಟವಾದ ಫಲಿತಾಂಶದಂತೆ, ತಂಬಾಕು ಅಥವಾ ಮದ್ಯ ಬಳಸುವವರಲ್ಲಿ ಬಾಯಿ ಕ್ಯಾನ್ಸರ್ ಸಾವುಗಳು ಶೇ. 34ರಷ್ಟು ಕಡಿಮೆಯಾದವು. ಮುಂಬಯಿಯ ಕೊಳೆಗೇರಿಗಳಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯು ನಡೆಸಿದ, ಸುಮಾರು 1.5 ಲಕ್ಷ ಮಹಿಳೆಯರನ್ನು ಒಳಗೊಂಡ ಅಧ್ಯಯನದಲ್ಲಿ ಪ್ರಾಥಮಿಕ ಆರೋಗ್ಯ ಕಾರ್ಯಕರ್ತೆಯರು ಅಸಿಟಿಕ್ ಆಮ್ಲ ಪರೀಕ್ಷೆ ನಡೆಸಿದರು. ಗರ್ಭಕಂಠ ಕ್ಯಾನ್ಸರ್‌ನಿಂದಾಗುವ ಸಾವುಗಳು ಶೇ. 31ರಷ್ಟು ಇಳಿದವು ಎಂದು 2014ರಲ್ಲಿ ವರದಿಯಾಯಿತು.

ಈ ಎರಡೂ ಅಧ್ಯಯನಗಳಲ್ಲಿ ತಪಾಸಣೆಯನ್ನು ಒಮ್ಮೆ ಮಾಡಿ ಬಿಡದೆ ಹಲವು ಸುತ್ತು ನಡೆಸಲಾಯಿತು. ದೋಷ ಕಂಡವರಿಗೆ ಮುಂದಿನ ಪರೀಕ್ಷೆ ಹಾಗೂ ಚಿಕಿತ್ಸೆಯ ದಾರಿ ಸಿದ್ಧವಾಗಿತ್ತು. ಅಂತಹ ದಾರಿ ಇಲ್ಲದ ಕಡೆ ತಪಾಸಣೆಯಿಂದ ಇದೇ ಪ್ರಯೋಜನವನ್ನು ನಿರೀಕ್ಷಿಸಲಾಗದು.

ತರಬೇತಿಯ ವಿಧಾನಗಳು

ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನಿಯಮಾವಳಿಯು ವೈದ್ಯರು ಐದು ವರ್ಷಕ್ಕೆ ಕನಿಷ್ಠ 30 ಗಂಟೆಗಳ ನಿರಂತರ ವೈದ್ಯಕೀಯ ಶಿಕ್ಷಣ ಪಡೆಯಬೇಕೆಂದು ಹೇಳುತ್ತದೆ. ಇಂತಹ ಕಾರ್ಯಕ್ರಮಗಳು ಹೆಚ್ಚಾಗಿ ನಗರಗಳಲ್ಲಿ ನಡೆಯುತ್ತವೆ. ಒಬ್ಬರೇ ವೈದ್ಯರಿರುವ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಎರಡು ದಿನ ಹೊರಗೆ ಹೋಗುವುದೆಂದರೆ ಅಷ್ಟು ದಿನ ರೋಗಿಗಳಿಗೆ ವೈದ್ಯರಿಲ್ಲದಂತಾಗುತ್ತದೆ.

ಈ ಕೊರತೆಯನ್ನು ತುಂಬಲು ಅಂತರ್ಜಾಲದ ತರಬೇತಿಗಳು ಬಂದಿವೆ. ಅಮೆರಿಕದ ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದಲ್ಲಿ 2003ರಲ್ಲಿ ಆರಂಭವಾದ ಎಕೋ ಎಂಬ ವಿಧಾನದಲ್ಲಿ ಗ್ರಾಮೀಣ ವೈದ್ಯರು ವಿಡಿಯೊ ಮೂಲಕ ತಜ್ಞರ ಮುಂದೆ ತಮ್ಮ ರೋಗಿಗಳ ವಿವರವನ್ನು ಇಡುತ್ತಾರೆ. ಚರ್ಚೆಯಿಂದ ಎಲ್ಲರೂ ಕಲಿಯುತ್ತಾರೆ. ನೊಯ್ಡಾದ ರಾಷ್ಟ್ರೀಯ ಕ್ಯಾನ್ಸರ್ ತಡೆ ಮತ್ತು ಸಂಶೋಧನಾ ಸಂಸ್ಥೆಯು ಇದೇ ವಿಧಾನದಿಂದ ಕ್ಯಾನ್ಸರ್ ತಪಾಸಣೆಯ ಕೋರ್ಸುಗಳನ್ನು ನಡೆಸಿದೆ. 2012ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಯಾನ್ಸರ್ ಗ್ರಿಡ್ ಚಿಕಿತ್ಸಾ ಮಾರ್ಗಸೂಚಿಗಳನ್ನು ಉಚಿತವಾಗಿ ಒದಗಿಸುತ್ತದೆ. ಕರ್ನಾಟಕದಲ್ಲಿ ಆರೋಗ್ಯ ಕಾರ್ಯಕರ್ತರು ಮೊಬೈಲಿನಲ್ಲಿ ಬಾಯಿಯ ಚಿತ್ರ ತೆಗೆದು ತಜ್ಞರಿಗೆ ಕಳುಹಿಸುವ ಪ್ರಯೋಗವೂ ನಡೆದಿದೆ.

ಆದರೆ ಕೈಯಿಂದ ಮಾಡುವ ಪರೀಕ್ಷೆಗಳನ್ನು ಪರದೆಯ ಮೇಲೆ ನೋಡಿ ಪೂರ್ತಿ ಕಲಿಯಲಾಗದು. ಅನುಭವಿಗಳ ಎದುರು ಹಲವು ಬಾರಿ ಮಾಡಿ ತೋರಿಸಿ, ತಪ್ಪುಗಳನ್ನು ತಿದ್ದಿಕೊಳ್ಳುವುದು ಅಗತ್ಯ. ನೆಟ್‌ವರ್ಕ್ ದುರ್ಬಲವಾಗಿರುವ ಕಾಡಂಚಿನ ಊರುಗಳಲ್ಲಿ ತಾಲ್ಲೂಕು ಆಸ್ಪತ್ರೆಯನ್ನೇ ಕಲಿಕೆಯ ಕೇಂದ್ರವಾಗಿಸುವುದು ಹೆಚ್ಚು ಅನುಕೂಲ.

ಮೇಲಿನ ಆಸ್ಪತ್ರೆಗೆ ಕಳುಹಿಸುವ ಕ್ರಮ

ತಪಾಸಣೆಯಲ್ಲಿ ದೋಷ ಕಂಡವರಲ್ಲಿ ಹಲವರು ಮುಂದಿನ ಪರೀಕ್ಷೆಗೆ ಹೋಗುವುದೇ ಇಲ್ಲ. ಬಡತನ, ಭಯ, ಕೊಯ್ಲಿನ ಕಾಲದ ಕೆಲಸ ಇದಕ್ಕೆ ಕಾರಣವಾಗಬಹುದು. ಆದ್ದರಿಂದ ಯಾವ ಆಸ್ಪತ್ರೆ, ಯಾವ ವಿಭಾಗ, ಯಾವ ದಿನ ಎಂಬುದನ್ನು ಚೀಟಿಯಲ್ಲಿ ಬರೆದುಕೊಟ್ಟು, ರೋಗಿ ಅಲ್ಲಿಗೆ ತಲುಪಿದರೇ ಎಂದು ವಿಚಾರಿಸುವುದನ್ನೂ ತರಬೇತಿಯಲ್ಲಿ ಸೇರಿಸಬೇಕು. ಬಯಾಪ್ಸಿ ವರದಿಯ ಪ್ರತಿಯನ್ನು ರೋಗಿಯ ಬಳಿ ಇರಿಸಿದರೆ ಅದೇ ಪರೀಕ್ಷೆ ಮರುಕಳಿಸುವುದು ತಪ್ಪುತ್ತದೆ.

ಖರ್ಚಿನ ಮಾಹಿತಿಯೂ ಆರೈಕೆಯ ಭಾಗವೇ. 2018ರ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಅರ್ಹ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶ ಕಲ್ಪಿಸಲಾಗಿದೆ. ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ಪಡೆಯದೆ ಹೋದವರು ತೊಂದರೆಗೆ ಸಿಲುಕಬಹುದಾದ್ದರಿಂದ ಸಿಬ್ಬಂದಿಗೆ ಈ ನಿಯಮಗಳು ತಿಳಿದಿರಬೇಕು.

ಚಿಕಿತ್ಸೆಯ ನಂತರ ಊರಿನಲ್ಲಿ ಆರೈಕೆ

ಕಿಮೊಥೆರಪಿ ಪಡೆದು ಮನೆಗೆ ಬಂದವರಿಗೆ ಬರುವ ಜ್ವರವನ್ನು ಸಾಮಾನ್ಯ ಜ್ವರವೆಂದು ಭಾವಿಸಬಾರದು. ಚಿಕಿತ್ಸೆಯ ನಂತರದ ಒಂದೆರಡು ವಾರಗಳಲ್ಲಿ ಬಿಳಿ ರಕ್ತಕಣಗಳು ಕಡಿಮೆಯಾಗುವುದರಿಂದ ಸೋಂಕು ಕೆಲವೇ ಗಂಟೆಗಳಲ್ಲಿ ಪ್ರಾಣಾಪಾಯ ತರಬಲ್ಲದು. ಜ್ವರದ ಮಾತ್ರೆ ಕೊಟ್ಟು ಮನೆಗೆ ಕಳುಹಿಸದೆ, ರಕ್ತಪರೀಕ್ಷೆ ಮಾಡಿಸಿ ತಡಮಾಡದೆ ಪ್ರತಿಜೈವಿಕ ಚುಚ್ಚುಮದ್ದು ಆರಂಭಿಸಬೇಕು. 2025ರಲ್ಲಿ ರಾಜ್ಯ ಸರ್ಕಾರವು ಆಯ್ದ ಜಿಲ್ಲಾ ಆಸ್ಪತ್ರೆಗಳಲ್ಲಿ ಹಗಲು ಆರೈಕೆಯ ಕಿಮೊಥೆರಪಿ ಕೇಂದ್ರಗಳನ್ನು ತೆರೆಯಿತು. ಇಂತಹ ಕೇಂದ್ರಗಳು ಹೆಚ್ಚಿದಂತೆ, ಔಷಧಿ ರಕ್ತನಾಳದಿಂದ ಹೊರಕ್ಕೆ ಸೋರಿದರೆ ಏನು ಮಾಡಬೇಕು, ಔಷಧಿಯ ತ್ಯಾಜ್ಯವನ್ನು ಹೇಗೆ ವಿಲೇವಾರಿ ಮಾಡಬೇಕು ಎಂಬ ತರಬೇತಿ ಜಿಲ್ಲೆಯ ಶುಶ್ರೂಷಕರಿಗೆ ಅನಿವಾರ್ಯವಾಗುತ್ತದೆ.

ಉಪಶಾಮಕ ಆರೈಕೆ

ಗುಣಪಡಿಸಲಾಗದ ಹಂತದಲ್ಲಿಯೂ ನೋವು, ವಾಂತಿ, ಉಸಿರಾಟದ ಕಷ್ಟ ಮತ್ತು ಗಾಯದ ದುರ್ವಾಸನೆಯನ್ನು ಹತೋಟಿಗೆ ತರಬಹುದು. ಇದನ್ನು ಉಪಶಾಮಕ ಆರೈಕೆ ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯು 1986ರಲ್ಲಿ ಕ್ಯಾನ್ಸರ್ ನೋವಿಗೆ ಮೂರು ಮೆಟ್ಟಿಲುಗಳ ಔಷಧಿ ಕ್ರಮವನ್ನು ಸೂಚಿಸಿತು. ಮೂರನೆಯ ಮೆಟ್ಟಿಲಿನ ಮುಖ್ಯ ಔಷಧಿ ಮಾರ್ಫಿನ್. ಬಾಯಿಯ ಮೂಲಕ ಕೊಡುವ ಸಾಮಾನ್ಯ ಮಾರ್ಫಿನ್ ಮಾತ್ರೆಯನ್ನು ನೋವು ಮರಳುವವರೆಗೆ ಕಾಯದೆ ನಾಲ್ಕು ಗಂಟೆಗೊಮ್ಮೆ ಕೊಡಬೇಕು ಮತ್ತು ಮಲಬದ್ಧತೆಗೆ ಮೊದಲ ದಿನದಿಂದಲೇ ಔಷಧಿ ಕೊಡಬೇಕು.

1985ರ ಮಾದಕ ವಸ್ತು ಕಾಯ್ದೆಯ ಕಠಿಣ ಪರವಾನಗಿ ನಿಯಮಗಳಿಂದಾಗಿ ಬಹುಕಾಲ ಮಾರ್ಫಿನ್ ಸಿಗುವುದು ದುರ್ಲಭವಾಗಿತ್ತು. 2014ರ ತಿದ್ದುಪಡಿಯು ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗಳಿಗೆ ಇದನ್ನು ಸರಳಗೊಳಿಸಿತು. ಆದರೂ ತರಬೇತಿ ಪಡೆದ ವೈದ್ಯರಿಲ್ಲದ ಕಡೆ ಔಷಧಿ ತಲುಪುವುದಿಲ್ಲ. ಭಾರತೀಯ ಉಪಶಾಮಕ ಆರೈಕೆ ಸಂಘವು ವೈದ್ಯರು ಮತ್ತು ಶುಶ್ರೂಷಕರಿಗೆ ದೂರಶಿಕ್ಷಣದ ಪ್ರಮಾಣಪತ್ರ ಕೋರ್ಸನ್ನು ನಡೆಸುತ್ತದೆ. ಕೇರಳದ ಕೋಝಿಕ್ಕೋಡಿನಲ್ಲಿ 1993ರಲ್ಲಿ ಆರಂಭವಾದ ಚಳವಳಿಯು ನೆರೆಹೊರೆಯ ಸ್ವಯಂಸೇವಕರಿಗೂ ತರಬೇತಿ ನೀಡಿ ಮನೆಯಲ್ಲಿಯೇ ಆರೈಕೆ ದೊರೆಯುವಂತೆ ಮಾಡಿತು. ಮನೆಗಳು ಚದುರಿರುವ ಘಟ್ಟದ ತಾಲ್ಲೂಕುಗಳಿಗೆ ಈ ಮಾದರಿ ಹೆಚ್ಚು ಹೊಂದುತ್ತದೆ.

ಸಂವಹನ

ರೋಗದ ಹೆಸರನ್ನು ರೋಗಿಗೆ ಹೇಳಬೇಡಿ ಎಂದು ಮನೆಯವರು ಕೇಳಿಕೊಳ್ಳುವುದು ಸಾಮಾನ್ಯ. ಇಂತಹ ಸಂದರ್ಭದಲ್ಲಿ ರೋಗಿಗೆ ಎಷ್ಟು ತಿಳಿದಿದೆ, ಎಷ್ಟು ತಿಳಿಯಲು ಬಯಸುತ್ತಾರೆ ಎಂಬುದನ್ನು ಮೊದಲು ಅರಿತು ಹಂತಹಂತವಾಗಿ ಮಾತನಾಡುವುದನ್ನು ತರಬೇತಿಯಲ್ಲಿ ಅಭ್ಯಾಸ ಮಾಡಿಸಲಾಗುತ್ತದೆ. ಯಲ್ಲಾಪುರ ಭಾಗದ ಸಿದ್ದಿ ಹಾಗೂ ಗೌಳಿ ಸಮುದಾಯಗಳ ಮನೆಮಾತು ಕನ್ನಡವಲ್ಲ. ಅದರಲ್ಲಿ ಕೊಂಕಣಿ, ಮರಾಠಿ ಬೆರೆತಿರುತ್ತವೆ. ಅವರ ನಡುವಿನಿಂದಲೇ ಬಂದ ಕಾರ್ಯಕರ್ತೆಯರಿದ್ದರೆ ತಪಾಸಣೆಯ ಉದ್ದೇಶವನ್ನು ತಿಳಿಸುವುದು ಸುಲಭವಾಗುತ್ತದೆ.

ಮೌಲ್ಯಮಾಪನ

ತರಬೇತಿಯ ಮೊದಲು ಮತ್ತು ನಂತರ ಬರೆಸುವ ಪ್ರಶ್ನೆಪತ್ರಿಕೆಯು ತಿಳಿವಳಿಕೆಯನ್ನಷ್ಟೇ ಅಳೆಯುತ್ತದೆ. ಕೆಲಸದಲ್ಲಿ ಬದಲಾವಣೆ ಆಗಿದೆಯೇ ಎಂದು ತಿಳಿಯಲು ಬೇರೆ ಅಳತೆಗಳು ಬೇಕು. ರೋಗಿ ಮೊದಲು ಬಂದ ದಿನದಿಂದ ಬಯಾಪ್ಸಿಯವರೆಗೆ ಎಷ್ಟು ದಿನ ಕಳೆಯಿತು, ದೋಷ ಕಂಡವರಲ್ಲಿ ಎಷ್ಟು ಮಂದಿ ಮುಂದಿನ ಆಸ್ಪತ್ರೆ ತಲುಪಿದರು, ಆರಂಭಿಕ ಹಂತದಲ್ಲಿ ಪತ್ತೆಯಾದವರ ಪ್ರಮಾಣ ಏರಿದೆಯೇ, ನೋವಿನಲ್ಲಿದ್ದವರಿಗೆ ಮಾರ್ಫಿನ್ ದೊರೆಯಿತೇ ಎಂಬವು ಅಂತಹ ಅಳತೆಗಳು. ಇವುಗಳನ್ನು ತಾಲ್ಲೂಕು ಮಟ್ಟದ ದಾಖಲೆಗಳಿಂದಲೇ ಲೆಕ್ಕ ಹಾಕಬಹುದು. ಸಿಬ್ಬಂದಿ ವರ್ಗಾವಣೆಯಾದಾಗ ಕಲಿತ ಕೌಶಲವೂ ಊರು ಬಿಡುವುದರಿಂದ, ತರಬೇತಿಯನ್ನು ಒಂದು ಶಿಬಿರಕ್ಕೆ ಸೀಮಿತಗೊಳಿಸದೆ ಪ್ರತಿವರ್ಷ ಮುಂದುವರಿಸಬೇಕಾಗುತ್ತದೆ.